ಆ ವರ್ಷ ಬಿತ್ತಿದವರು ಯಾರು?

2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಹಾರೂಗೇರಿಗೆ ಬಂದವನು ಹತ್ತು ತಿಂಗಳು ಅಲ್ಲೇ ಉಳಿದೆ. ಹಗಲೆಲ್ಲ ಮಾಳಿಗೆ ಮೇಲೆ ನೆಟ್‌ವರ್ಕ್ ಹುಡುಕುತ್ತ ಆಫೀಸಿನ ಕೆಲಸ. ಸಂಜೆ ಕರೆಂಟು ಇದ್ದಷ್ಟು ಹೊತ್ತು ಎಸ್.ಎಲ್. ಭೈರಪ್ಪನವರ ‘ಪರ್ವ’. ಬಿ.ಇ. ಓದುವಾಗ ಒಮ್ಮೆ ಹಿಡಿದು ನೂರು ಪುಟಕ್ಕೆ ಕೈಬಿಟ್ಟಿದ್ದೆ. ಈ ಸಲ ಮುಗಿಸಿದ್ದಕ್ಕೆ ಕಾರಣ ಸಣ್ಣಾಯಿ.

ಸಣ್ಣಾಯಿ ಅಂದ್ರೆ ನಮ್ಮ ಅಜ್ಜನ ತಮ್ಮನ ಹೆಂಡತಿ. ಸಣ್ಣಜ್ಜ ಮಿಲಿಟರಿಯಲ್ಲಿದ್ದ, 1971ರ ಯುದ್ಧದಿಂದ ತಿರುಗಿ ಬರಲಿಲ್ಲ. ಆಗ ಆಕೆಗೆ ಇಪ್ಪತ್ತೂ ತುಂಬಿರಲಿಲ್ಲ, ಬಗಲಲ್ಲಿ ಒಂದು ಕೂಸು. ಓದು ಬರಹ ಬಾರದು. ನಾನು ಪುಸ್ತಕ ಹಿಡಿದರೆ ಕಟ್ಟೆಗೆ ಬಂದು ಕೂತು, ‘ಜೋರ ಓದೋ ತಮ್ಮಾ, ನಾನೂ ಕೇಳ್ತೀನಿ’ ಅನ್ನೋಳು.

ಓದದವರಿಗೆ ಎರಡು ಮಾತು. 1979ರಲ್ಲಿ ಬಂದ ‘ಪರ್ವ’ ಮಹಾಭಾರತದ ಕತೆಯಿಂದ ಪವಾಡವನ್ನೆಲ್ಲ ತೆಗೆದುಹಾಕುತ್ತದೆ. ಇಲ್ಲಿ ದೇವತೆಗಳು ಅಂದರೆ ಹಿಮಾಲಯದ ಮೇಲೆ ಬದುಕುವ ಒಂದು ಜನಾಂಗ. ಕೃಷ್ಣ ಬುದ್ಧಿವಂತ ಯಾದವ, ಅಷ್ಟೇ. ಕುಂತಿ, ದ್ರೌಪದಿ, ಭೀಮ, ಕರ್ಣ ಒಬ್ಬೊಬ್ಬರೂ ತಮ್ಮ ನೆನಪುಗಳಲ್ಲಿ ಮುಳುಗಿ ಕತೆ ಬಿಚ್ಚುತ್ತಾರೆ. ಯುದ್ಧ ಬಂದಾಗ ಬಾಣದ ವರ್ಣನೆಗಿಂತ ಹೆಣದ ವಾಸನೆ, ನೊಣ, ಹಸಿವು, ದಂಡಿಗೆ ಕಾಳು ಸಾಲದ ಕಷ್ಟ ಇವೇ ಹೆಚ್ಚು. ದೊಡ್ಡ ಸಿಸ್ಟಮ್ ನಡೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪರದೆ ಮೇಲೆ ಕಾಣುವುದು ಸ್ವಲ್ಪ, ಹಿಂದೆ ಓಡುವುದೇ ಬಹಳ.

ಆದರೆ ನನ್ನ ಪ್ರಕಾರ ‘ಪರ್ವ’ದ ನಿಜವಾದ ಧೈರ್ಯ ಇರುವುದು ಯುದ್ಧ ಮುಗಿದ ಮೇಲಿನ ಪುಟಗಳಲ್ಲಿ.

ನಮ್ಮ ಕಾವ್ಯಗಳು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ನಮ್ಮೂರಿಗೆ ದೂರವೇನಲ್ಲದ ಮುಧೋಳದ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ, ಅವನ ಮೇಲೆ ನಮಗೆ ಕನಿಕರ ಹುಟ್ಟಿಸುತ್ತಾನೆ. ಕೊನೆಗೆ ಭೀಮನಿಗೆ ಪಟ್ಟ ಕಟ್ಟಿ ಕಾವ್ಯ ಮುಗಿಸುತ್ತಾನೆ. ಕುಮಾರವ್ಯಾಸ 18 ಪರ್ವಗಳಲ್ಲಿ ಹತ್ತನ್ನೇ ಹೇಳಿ, ಧರ್ಮರಾಯನ ಪಟ್ಟಾಭಿಷೇಕಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಕುಮಾರವ್ಯಾಸನನ್ನು ಗಮಕದಲ್ಲಿ ಎಷ್ಟೋ ಸಲ ಕೇಳಿದ್ದೇನೆ, ತಿಮ್ಮಣ್ಣನನ್ನು ಒಮ್ಮೆಯೂ ಇಲ್ಲ. ನಮ್ಮ ಸೀಮೆಯ ದೊಡ್ಡಾಟದಲ್ಲೂ ನಸುಕಿಗೆ ದುಷ್ಟ ಸತ್ತ, ಮಂಗಳಾರತಿ ಆಯಿತು, ಚಾಪೆ ಸುತ್ತಿಕೊಂಡು ಮನೆಗೆ ಹೋದೆವು.

ಒಂದು ಲೆಕ್ಕ ಹಾಕಿ. ರಥ, ಆನೆ, ಕುದುರೆ, ಕಾಲಾಳು ಎಲ್ಲ ಸೇರಿ ಒಂದು ಅಕ್ಷೌಹಿಣಿಗೆ 2,18,700. ಹದಿನೆಂಟು ಅಕ್ಷೌಹಿಣಿಗೆ 39,36,600. ಹದಿನೆಂಟನೇ ದಿನ ಕಳೆದು ಬದುಕಿ ಉಳಿದ ವೀರರು ಪಾಂಡವರ ಕಡೆ ಏಳು, ಕೌರವರ ಕಡೆ ಮೂರು ಎಂಬುದು ಹಳೆಯ ಎಣಿಕೆ. ಈ ಎಣಿಕೆಯಲ್ಲಿ ಮನೆಯಲ್ಲಿ ಕಾದು ಕೂತವರು ಎಲ್ಲೂ ಬರುವುದಿಲ್ಲ.

ಭೈರಪ್ಪನವರು ಆ ಕಡೆ ತಿರುಗುತ್ತಾರೆ. ಗೆದ್ದ ಧರ್ಮರಾಯನ ಬೊಕ್ಕಸ ಖಾಲಿ. ಮಕ್ಕಳನ್ನೆಲ್ಲ ಕಳೆದುಕೊಂಡ ದ್ರೌಪದಿಗೆ ಆ ಗೆಲುವಿನಿಂದ ಆಗಬೇಕಾದ್ದು ಏನೂ ಇಲ್ಲ. ಸೈನಿಕರಿಂದ ಬಸಿರಾದ ಹೆಂಗಸರು ಬಂದು, ಹುಟ್ಟುವ ಕೂಸುಗಳಿಗೆ ದಿಕ್ಕು ಯಾರು ಎಂದು ಕೇಳುತ್ತಾರೆ. ಧರ್ಮಕ್ಕಾಗಿ ಯುದ್ಧ ಮಾಡಿದವರ ಹತ್ತಿರ ಅದಕ್ಕೆ ಉತ್ತರ ಇಲ್ಲ. ಆರು ನೂರಕ್ಕೂ ಹೆಚ್ಚು ಪುಟ ಮಾತಾಡಿದ ಧರ್ಮಸೂಕ್ಷ್ಮ ಅಲ್ಲಿ ಬಾಯಿ ಕಟ್ಟಿ ನಿಲ್ಲುತ್ತದೆ. ಕನ್ನಡ ಕಾದಂಬರಿ ಯುದ್ಧದ ಬಗ್ಗೆ ಇದಕ್ಕಿಂತ ನೇರವಾಗಿ ಮಾತಾಡಿದ್ದು ನಾನು ಬೇರೆಲ್ಲೂ ಓದಿಲ್ಲ.

ಆ ಭಾಗ ಓದಿ ಮುಗಿಸಿದ ದಿನ ನನ್ನ ದನಿ ಸ್ವಲ್ಪ ನಡುಗಿತ್ತು. ಸಣ್ಣಾಯಿ ಕಣ್ಣೀರು ಹಾಕುತ್ತಾಳೆ ಅಂದುಕೊಂಡಿದ್ದೆ. ಆಕೆ ಕೇಳಿದ್ದು ಇಷ್ಟೇ: ‘ಗಂಡಸರೆಲ್ಲ ಸತ್ರು ಅಂದಿ. ಹಂಗಾರ ಆ ವರ್ಸ ಬಿತ್ತಿದವ್ರ ಯಾರು?’

ಪುಟ ಹಿಂದೆ ಮುಂದೆ ತಿರುವಿದೆ. ಆ ಪ್ರಶ್ನೆಗೆ ಪುಸ್ತಕದಲ್ಲಿ ನನಗೆ ಜಾಗ ಸಿಗಲಿಲ್ಲ.

ನನ್ನ ತಕರಾರು ಇಲ್ಲೇ ಇರುವುದು. ‘ಪರ್ವ’ ದುಃಖವನ್ನು ಅಂಗಳದವರೆಗೆ ತರುತ್ತದೆ, ಆದರೆ ಮನಸ್ಸಿನೊಳಗೆ ಹೊಕ್ಕು ನೋಡುವುದು ಅರಮನೆಯವರನ್ನೇ. ಕುಂತಿಗೆ, ದ್ರೌಪದಿಗೆ ಸಿಕ್ಕಷ್ಟು ಪುಟ ಆ ಬಸಿರಿಯರಿಗೆ ಸಿಕ್ಕಿಲ್ಲ. ಅವರು ಪ್ರಶ್ನೆಯಾಗಿ ಬರುತ್ತಾರೆ, ಪಾತ್ರಗಳಾಗುವುದಿಲ್ಲ. ರಾಜ್ಯ ಹಾಳಾಯಿತು ಎಂಬುದು ರಾಜನ ಕಣ್ಣಿನ ನೋಟ. ಹೊಲಕ್ಕೆ ಬೀಜ ಹೊಂದಿಸುವವಳಿಗೆ ನಾಳೆಯ ಕೆಲಸ ಇದ್ದೇ ಇರುತ್ತದೆ.

ಭೈರಪ್ಪನವರಿಗೆ ಇಂಥ ಹೆಂಗಸು ಗೊತ್ತಿರಲಿಲ್ಲ ಅಂತಲ್ಲ. ಪ್ಲೇಗು ತಮ್ಮ ಮನೆಯವರನ್ನು ಕೊಂಡೊಯ್ದ ಬಾಲ್ಯವನ್ನು ಅವರೇ ‘ಭಿತ್ತಿ’ಯಲ್ಲಿ ಬರೆದಿದ್ದಾರೆ. ‘ಪರ್ವ’ಕ್ಕಿಂತ ಮೊದಲೇ, 1970ರಲ್ಲಿ, ‘ಗೃಹಭಂಗ’ ಬಂದಿತ್ತು. ಶಾನುಭೋಗಿಕೆಯ ಲೆಕ್ಕ ಬರೆದು ಮಕ್ಕಳನ್ನು ಸಾಕುವ ನಂಜಮ್ಮ ಅಲ್ಲಿದ್ದಾಳೆ. ಸಾವು ಮನೆಗೆ ಬಂದು ಹೋದರೂ ಮರುದಿನ ಏಳುವವಳು. ಆ ನಂಜಮ್ಮ ಕುರುಕ್ಷೇತ್ರದ ಪಕ್ಕದ ಹಳ್ಳಿಯಲ್ಲಿ ಒಬ್ಬಳು ಇದ್ದಿದ್ದರೆ ‘ಪರ್ವ’ ಇನ್ನೂ ದೊಡ್ಡ ಕಾದಂಬರಿ ಆಗುತ್ತಿತ್ತು. ಆಶೆ ತೋರಿಸಿ ಮುಗಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಕೆಲಸ ತೋರಿಸಬೇಕಿತ್ತು.

ಎರಡು ದಿನ ಬಿಟ್ಟು ಸಣ್ಣಾಯಿಯನ್ನು ಕೇಳಿದೆ: ‘ಆಯಿ, ಸಣ್ಣಜ್ಜ ಹೋದ ಮರುವರ್ಸ ನಮ್ಮ ಹೊಲಾ ಯಾರ ಬಿತ್ತಿದ್ರು?’

ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ‘ನಾನ ಬಿತ್ತಿದ್ನಿ. ಎಪ್ಪತ್ತೆರಡರ ಬರಗಾಲ ಅದು. ಹುಟ್ಟಲಿಲ್ಲ. ಮತ್ತ ಬಿತ್ತಿದ್ನಿ.’

ಮನೆಯಲ್ಲಿ ಮೂವತ್ತು ವರ್ಷ ಬೆಳೆದರೂ ಈ ಮಾತನ್ನು ನಾನು ಆಕೆಯನ್ನು ಕೇಳಿರಲಿಲ್ಲ. ಕೇಳಿಸಿದ್ದು ಆ ಕಾದಂಬರಿ. ಅದಕ್ಕೇ ತಕರಾರು ಇಟ್ಟುಕೊಂಡೇ ಹೇಳುತ್ತೇನೆ, ‘ಪರ್ವ’ ಓದಿ. ನೂರು ಪುಟಕ್ಕೆ ಬಿಡಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಜೋರಾಗಿ ಓದಿ.