ಎರಡನೆಯ ಪರದೆಯ ಮೌನ

ಕಥೆ ಕವಿತೆಗಳನ್ನು ವಿಮರ್ಶಿಸಿದ ಹಾಗೆ ಯಂತ್ರಗಳನ್ನೂ ವಿಮರ್ಶಿಸಬೇಕೆಂಬುದು ನನ್ನ ಹಟ. ಯಾಕೆಂದರೆ ಯಂತ್ರ ಮೊಂಡು ಹಿಡಿದಾಗ ನಮ್ಮ ನವಲಗುಂದದ ಕಡೆಯ ಹೆಣ್ಣುಮಕ್ಕಳು ‘ನನಗ ತಿಳಿಯೂದಿಲ್ಲ ಬಿಡ್ರಿ’ ಎಂದು ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಳ್ಳುತ್ತಾರೆ.

2007ರಲ್ಲಿ ಬಂದ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವನ್ನೇ ನೋಡಿ. ವಿಂಡೋಸ್ ಇರುವ ಕಂಪ್ಯೂಟರಿನೊಳಗೆ ಲಿನಕ್ಸಿಗೂ ಒಂದು ಬಾಡಿಗೆ ಕೋಣೆ ಮಾಡಿಕೊಡುತ್ತದೆ. ಹಣವಿಲ್ಲದೆ ಕಲಿಯುವವರಿಗೆ ಇದು ದೊಡ್ಡ ಉಪಕಾರ. ಆದರೆ ಒಂದರಲ್ಲಿ ಪಾಠ ಓದುತ್ತ ಇನ್ನೊಂದರಲ್ಲಿ ಅಭ್ಯಾಸ ಮಾಡೋಣವೆಂದು ಮೇಜಿನ ಮೇಲೆ 2 ಮಾನಿಟರ್ ಇಟ್ಟರೂ, ಒಳಗಿನ ಲಿನಕ್ಸಿಗೆ ಮೊದಲು ಕಾಣುವುದು ಒಂದೇ.

ಎರಡನೆಯದು ಬೇಕಾದರೆ ಒಳಗಿನ ಯಂತ್ರವನ್ನು ಪೂರ್ತಿ ನಿಲ್ಲಿಸಿ, ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗದಲ್ಲಿ ಮಾನಿಟರ್ ಸಂಖ್ಯೆ ಹೆಚ್ಚಿಸಬೇಕು, 8ರವರೆಗೆ ಅವಕಾಶವುಂಟು. ಮತ್ತೆ ಚಾಲೂ ಮಾಡಿ ವ್ಯೂ ಮೆನುವಿನಲ್ಲಿ ಎರಡನೆಯ ಪರದೆಯನ್ನು ಎಬ್ಬಿಸಬೇಕು. ಪರದೆಯ ಅಳತೆ ತಾನಾಗಿ ಹೊಂದಬೇಕಾದರೆ ಲಿನಕ್ಸಿನಲ್ಲಿ ‘ಗೆಸ್ಟ್ ಅಡಿಷನ್ಸ್’ ಇರಬೇಕು. ಕೊನೆಗೆ ಎರಡೂ ಕಡೆ ಒಂದೇ ಚಿತ್ರವೋ, ಬೇರೆ ಬೇರೆಯೋ ಎಂಬುದನ್ನು ಲಿನಕ್ಸಿಗೂ ಹೇಳಬೇಕು.

ಒಂದೊಂದು ಮೆಟ್ಟಿಲೂ ಸರಿಯೇ. ದೋಷವಿರುವುದು ಮೌನದಲ್ಲಿ. ನಡುವೆ ಒಂದು ತಪ್ಪಿದರೆ ಎರಡನೆಯ ಕಿಟಕಿ ಬರುವುದೇ ಇಲ್ಲ, ಇಲ್ಲವೆ ಕಪ್ಪಗೆ ನಿಲ್ಲುತ್ತದೆ. ತಪ್ಪಿದ್ದು ಯಾವುದೆಂದು ಮಾತ್ರ ಬಾಯಿ ಬಿಡದು. ಕೆಂಪು ಶಾಯಿಯ ಒಂದು ಗೆರೆಯೂ ಇಲ್ಲದೆ ಸೊನ್ನೆ ಬರೆದ ಉತ್ತರಪತ್ರಿಕೆಯಿಂದ ಯಾವ ಹುಡುಗಿ ಏನು ಕಲಿತಾಳು?

ಆದ್ದರಿಂದ ಅಕ್ಕಂದಿರೆ, ಪರದೆ ಕಪ್ಪಾದರೆ ಎದೆಗುಂದಬೇಡಿ. ಹೊರಗಿನಿಂದ ಒಳಕ್ಕೆ ಒಂದೊಂದೇ ಮೆಟ್ಟಿಲು ಪರೀಕ್ಷಿಸುತ್ತ ಹೋಗಿ. ಸರಿಯಾಗಿ ಹೇಳಿಕೊಡದವರ ಪಾಪವನ್ನು ಕಲಿಯುವವರು ಹೊರಬೇಕಾಗಿಲ್ಲ.