‘ಲೋಕೋಪಕಾರ’ದ ಮರ: ಕುರುಹೋ, ಸಾಧನವೋ?

ಕ್ರಿ.ಶ. 1025ರ ಸುಮಾರಿನಲ್ಲಿ, ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ ರಚಿತವಾದ ‘ಲೋಕೋಪಕಾರ’ವು ಮಳೆಯ ಲಕ್ಷಣ, ನೆಲದಡಿಯ ನೀರು, ವೃಕ್ಷಾಯುರ್ವೇದ, ಸುಗಂಧ, ಸೂಪಶಾಸ್ತ್ರ ಮುಂತಾದವನ್ನು ಒಂದೆಡೆ ತಂದ ಸಂಗ್ರಹಗ್ರಂಥ. ಇದರ ಕರ್ತೃ ಇಮ್ಮಡಿ ಚಾವುಂಡರಾಯ. ‘ಚಾವುಂಡರಾಯಪುರಾಣ’ವನ್ನು ಬರೆದ ಗಂಗಮಂತ್ರಿ ಬೇರೆ. 2006ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟವಾದ ಮೇಲೆ ಕೃತಿ ಕನ್ನಡದಾಚೆಯ ಓದುಗರಿಗೂ ಒದಗಿತು. ಇಂತಹ ಗ್ರಂಥವನ್ನು ಪ್ರಕೃತಿಯೊಡನೆ ಸಾಮರಸ್ಯದಿಂದ ಬಾಳಿದ ಪೂರ್ವಿಕರ ಸಾಕ್ಷ್ಯವೆಂದು ಓದುವುದು ಸುಲಭ. ಆದರೆ ಆ ಓದು ಗ್ರಂಥದ ಅರ್ಧವನ್ನಷ್ಟೇ ಕಾಣುತ್ತದೆ.

ಉದಕಾರ್ಗಳದ ಭಾಗವನ್ನು ನೋಡೋಣ. ಇದು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿಯೂ ಕಾಣುವ ಶಾಸ್ತ್ರ. ನೇರಿಳೆ ಮರದಿಂದ ಬಡಗಲಿಗೆ ಮೂರು ಮೊಳ ದೂರದಲ್ಲಿ, ಎರಡು ಪುರುಷ ಪ್ರಮಾಣದ ಆಳದಲ್ಲಿ ನೀರಿನ ಸೆಲೆಯುಂಟೆಂಬುದು ವರಾಹಮಿಹಿರನ ಲೆಕ್ಕ. ಮರದ ಬಳಿಯ ಹುತ್ತವೂ ಇಲ್ಲಿ ಕುರುಹು. ಈ ಶಾಸ್ತ್ರಕ್ಕೆ ಮರವೊಂದು ಅಕ್ಷರ. ಮರವನ್ನು ಕಡಿದರೆ, ಹುತ್ತವನ್ನು ಅಗೆದರೆ ಓದಲು ಏನೂ ಉಳಿಯದು.

ವೃಕ್ಷಾಯುರ್ವೇದದ ಧೋರಣೆ ಬೇರೆ. ಬಾಡಿದ ಎಲೆ, ಒಸರುವ ರಸ, ಚಿಗುರದ ಕೊಂಬೆ ಇಲ್ಲಿ ರೋಗಲಕ್ಷಣಗಳು. ಮರವು ಚಿಕಿತ್ಸೆಗೆ ಅರ್ಹವಾದ ರೋಗಿ. ಆದರೆ ಅದೇ ಪರಂಪರೆಯು ಅಕಾಲದಲ್ಲಿ ಹೂ ಅರಳಿಸುವ, ಹೂವಿನ ಬಣ್ಣ ಬದಲಿಸುವ ಯೋಗಗಳನ್ನೂ ಹೇಳುತ್ತದೆ. ಋತುವನ್ನು ಮೀರುವ ಈ ಬಯಕೆಗೆ ‘ಸಾಮರಸ್ಯ’ವೆಂಬ ಹೆಸರು ಒಪ್ಪುವುದಿಲ್ಲ.

ಎರಡೂ ಬಗೆಯ ವಿಧಿಗಳಿಗೆ ಹಳಗನ್ನಡದಲ್ಲಿ ಒದಗುವ ವ್ಯಾಕರಣರೂಪ ಒಂದೇ: ಪಕ್ಷಾರ್ಥಕವಾದ ‘-ಒಡೆ’. ‘ಇರ್ದೊಡೆ’ ಎಂದಾಗ ಕರ್ತೃಪದ ಮರಕ್ಕೆ ಸೇರಿದ್ದು. ಮನುಷ್ಯ ಅಲ್ಲಿ ನೋಡುವವನು ಮಾತ್ರ. ‘ಪೂಸಿದೊಡೆ’ ಎಂದಾಗ ಕರ್ತೃ ಮನುಷ್ಯ. ಮರ ಅವನ ಕ್ರಿಯೆಗೆ ಒಳಗಾದದ್ದು. ಗೌರವ ಮತ್ತು ಹತೋಟಿಗಳ ನಡುವಿನ ಅಂತರ ಎರಡು ಯುಗಗಳ ನಡುವೆ ಇಲ್ಲ, ಒಂದೇ ಪ್ರತ್ಯಯದ ಎರಡು ಬಳಕೆಗಳ ನಡುವೆ ಇದೆ. ಕೃತಿಯ ಹೆಸರೂ ಇದನ್ನೇ ಸೂಚಿಸುತ್ತದೆ: ಉಪಕಾರ ಆಗಬೇಕಾದದ್ದು ಜನಲೋಕಕ್ಕೆ, ಕಾಡಿಗಲ್ಲ.

ಹಾಗಿದ್ದರೆ ಅಂದಿನ ಮಿತಿ ಯಾವುದು? ಬಾವಿಯ ಆಳವನ್ನು ಅಳೆಯುವ ‘ಪುರುಷ’ವು ಕೈಯೆತ್ತಿ ನಿಂತ ಮನುಷ್ಯನ ಎತ್ತರ. ಅಗೆಯುವವನ ದೇಹವೇ ಅಲ್ಲಿ ಅಳತೆಗೋಲು. ಇಂದು ಕೋಲಾರದ ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿಯುತ್ತವೆ. ಅವು ನೇರಿಳೆಯ ಅಪ್ಪಣೆ ಕೇಳುವುದಿಲ್ಲ. ಪೂರ್ವಿಕರಿಗೆ ಆ ಯಂತ್ರವಿರಲಿಲ್ಲ ಎಂಬುದನ್ನು ಅವರ ವಿನಯವೆಂದು ಎಣಿಸುವುದು ಪ್ರಾಮಾಣಿಕ ವಿಮರ್ಶೆಯಲ್ಲ. ಅಶಕ್ತಿ ಬೇರೆ, ಸಂಯಮ ಬೇರೆ.

ಆದರೂ ಕೃತಿಯಿಂದ ಕಲಿಯುವುದು ಇದೆ. ಮರವನ್ನು ತನ್ನ ಇಚ್ಛೆಗೆ ಬಾಗಿಸಲು ಹೊರಟ ಗ್ರಂಥವೇ ಮರ ಏನು ಹೇಳುತ್ತದೆಂದು ಓದುವ ವಿದ್ಯೆಯನ್ನೂ ಕೈಬಿಡಲಿಲ್ಲ. ನಾವು ಮೊದಲನೆಯದನ್ನು ಬೆಳೆಸಿ ಎರಡನೆಯದನ್ನು ಮರೆತವರು. ಆ ಮರೆವನ್ನು ಪೂರ್ವಿಕರ ಸ್ತುತಿಯಿಂದ ಮುಚ್ಚಿಕೊಳ್ಳದಿರುವುದೇ ಇಂದು ‘ಲೋಕೋಪಕಾರ’ಕ್ಕೆ ಸಲ್ಲಿಸಬಹುದಾದ ನ್ಯಾಯ.