ಓಮ್ನಿಯೊಳಗೆ ಮಳೆ: ಟಿಂಕರನ ಪಾಠಕ್ಕೊಂದು ವ್ಯಾಖ್ಯಾನ

1984ರಲ್ಲಿ ‘ಮಾರುತಿ ವ್ಯಾನ್’ ಎಂಬ ಹೆಸರಲ್ಲಿ ರಸ್ತೆಗಿಳಿದ ಓಮ್ನಿಯ ತಯಾರಿ 2019ಕ್ಕೆ ನಿಂತಿತು. ಕರಾವಳಿಯಲ್ಲಿ ಅದರ ಓಡಾಟ ನಿಂತಿಲ್ಲ. ಅಡುಗೆಯವರ ಕೊಪ್ಪರಿಗೆ, ಶಾಮಿಯಾನದವರ ಕುರ್ಚಿ, ಬಾಳೆಗೊನೆ, ಮದುವೆ ದಿಬ್ಬಣ ಎಲ್ಲಕ್ಕೂ ಅದೇ ಗಾಡಿ. ಜೂನ್ ಬಂತೆಂದರೆ ಗ್ಯಾರೇಜಿಗೆ ಬರುವ ದೂರೂ ಒಂದೇ: ‘ಬಾಗಿಲಲ್ಲಿ ನೀರು ಬರ್ತದೆ, ಬೀಡಿಂಗ್ ಬದಲಿಸಿ ಕೊಡಿ.’ ಬೀಡಿಂಗ್ ಎಂದರೆ ಬಾಗಿಲಿನ ಚೌಕಟ್ಟಿನ ಸುತ್ತ ಕೂರಿಸುವ ರಬ್ಬರಿನ ಪಟ್ಟಿ. ಪಳಗಿದ ಟಿಂಕರ್ ಕೆಲಸ ಕಲಿಯುವ ಹುಡುಗನಿಗೆ ಈ ರಿಪೇರಿಯನ್ನು ಬಿಡಿಬಿಡಿ ಮಾತಲ್ಲೇ ಹೇಳಿ ಮುಗಿಸುತ್ತಾನೆ, ಕಾರಣ ಹೇಳುವುದಿಲ್ಲ. ಅಂಥ ಮಾತುಗಳನ್ನು ಸಾಲಾಗಿ ಇಟ್ಟುಕೊಂಡು ಕಾರಣ ಹುಡುಕೋಣ.

‘ಬೀಡಿಂಗಿಗೆ ಈಗಲೇ ಕೈ ಹಾಕ್ಬೇಡ. ಬಾಗಿಲು ತೆಗೆದು ಧೂಳು ನೋಡು.’

ನೀರು ನುಗ್ಗುವ ಸಂದಿಯಲ್ಲಿ ಬೇಸಿಗೆಯಿಡೀ ಧೂಳು ನುಗ್ಗಿರುತ್ತದೆ. ಬಾಗಿಲು ಮುಚ್ಚಿದಾಗ ರಬ್ಬರು ಒತ್ತುವ ಜಾಗದಲ್ಲಿ ಪೇಂಟಿನ ಮೇಲೆ ಬೆರಳಗಲದ ಒಂದು ಗೆರೆ ಉಜ್ಜಿ ಹೊಳೆಯುತ್ತಿರುತ್ತದೆ. ಆ ಗೆರೆ ಚೌಕಟ್ಟಿನ ಸುತ್ತ ಕಡಿಯದೆ ಬಂದಿದ್ದರೆ ಬೀಡಿಂಗ್ ತನ್ನ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಎಲ್ಲಾದರೂ ಹೊಳಪು ಮಾಸಿ, ಕೆಂಪು ಮಣ್ಣು ಗೆರೆ ದಾಟಿ ಒಳಕ್ಕೆ ಹರಡಿದ್ದರೆ ಆ ಜಾಗವೇ ಸಂದಿ. ಮಳೆಗಾಲ ಶುರುವಾದ ಮೇಲೆ ಈ ಗುರುತು ತೊಳೆದುಹೋಗುತ್ತದೆ, ಹಾಗಾಗಿ ಮೇ ತಿಂಗಳಲ್ಲೇ ನೋಡಿಟ್ಟವನಿಗೆ ಅರ್ಧ ಕೆಲಸ ಉಳಿಯಿತು. ಹೊತ್ತು ಮೀರಿದ್ದರೆ ಹತ್ತು ರೂಪಾಯಿ ನೋಟು ಸಾಕು. ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಬಿಗಿಯಾಗಿ ಜಗ್ಗಿದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಮುಂದಿನ ಜಾಗಕ್ಕೆ ಹೋಗುವುದು.

‘ಪೈಪಿನ ನೀರು ಕೆಳಗಿಂದ ಬಿಡು. ಒಬ್ಬ ಒಳಗೆ ಕೂತ್ಕೊಳ್ಳಿ, ಟಾರ್ಚ್ ಹಿಡ್ಕೊಂಡು.’

ಮೊದಲೇ ಚಾವಣಿಗೆ ನೀರು ಹೊಡೆದರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ತೂತು ತಪ್ಪಿತಸ್ಥ ಎಂದು ತಿಳಿಯುವುದಿಲ್ಲ. ಕೆಳಅಂಚಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲೇರಿದರೆ, ಒಳಗೆ ಮೊದಲ ಹನಿ ಕಂಡ ಕ್ಷಣಕ್ಕೆ ಪೈಪ್ ಯಾವ ಎತ್ತರದಲ್ಲಿತ್ತೋ ಆ ಎತ್ತರದಲ್ಲೇ ದಾರಿಯಿದೆ. ವಾಟರ್ ಸರ್ವಿಸಿನ ಪ್ರೆಶರ್ ಗನ್ ಇಲ್ಲಿ ಬೇಡವೇ ಬೇಡ. ಅದರ ರಭಸಕ್ಕೆ ಒಳ್ಳೆಯ ಬೀಡಿಂಗೂ ಸೋಲುತ್ತದೆ.

‘ಚಾವಣಿ ಕಾಲುವೆ ನೋಡಿದ್ಯಾ?’

ಗಿರಾಕಿಯ ಹಣ ಉಳಿಸುವ ಸಾಲು ಇದೇ ಎಂದು ನನ್ನ ಅಭಿಪ್ರಾಯ. ಓಮ್ನಿಯ ಚಾವಣಿಯ ಎರಡೂ ಅಂಚಿಗೆ ನೀರು ಹರಿಯಲು ತಗಡಿನ ಸಣ್ಣ ಕಾಲುವೆ ಇದೆ. ಲಗೇಜ್ ಕ್ಯಾರಿಯರಿನ ಕ್ಲಾಂಪ್ ಕಚ್ಚುವುದು ಇದನ್ನೇ. ಮೇಲೆ ಮೂಟೆ ಹೇರಿ ಹೊಂಡದ ರಸ್ತೆಯಲ್ಲಿ ಓಡಿಸಿದಂತೆ ಕ್ಲಾಂಪ್ ಅಲುಗಾಡಿ ಪೇಂಟ್ ಏಳುತ್ತದೆ, ತಗಡಿನ ಜೋಡಿಗೆ ಹಾಕಿದ ಸೀಲರ್ ಬಿರಿಯುತ್ತದೆ. ಅಲ್ಲಿ ಇಳಿದ ನೀರು ಚಾವಣಿ ಹೊತ್ತ ಕಂಬದೊಳಗೆ ಹರಿದು ಬಾಗಿಲಿನ ಹತ್ತಿರ ಹೊರಬರುತ್ತದೆ. ಮೇಲಿನ ಬಿರುಕು ಮುಚ್ಚದೆ ಬಾಗಿಲಿನ ಬೀಡಿಂಗ್ ಎಷ್ಟು ಸಲ ಬದಲಿಸಿದರೂ ಮ್ಯಾಟ್ ಒದ್ದೆಯೇ. ಹಳೆಯ ಸೀಲರ್ ಕೆರೆದು, ತುಕ್ಕು ತೆಗೆದು, ಪ್ರೈಮರ್ ಒಣಗಿದ ಮೇಲೆ ಹೊಸದು ತುಂಬಬೇಕು. ವಿನೆಗರಿನ ವಾಸನೆ ಬರುವ ಸಿಲಿಕಾನ್ ಅಗ್ಗಕ್ಕೆ ಸಿಗುತ್ತದೆ. ಆದರೆ ಒಣಗುವಾಗ ಅದರಿಂದ ಹೊರಡುವ ಅಸಿಟಿಕ್ ಆಮ್ಲ ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ, ಮೇಲೆ ಪೇಂಟೂ ನಿಲ್ಲುವುದಿಲ್ಲ.

‘ಬಾಗಿಲ ಅಡಿಯ ತೂತು ಬಿಡಿಸು.’

ಮುಂದಿನ ಬಾಗಿಲಿನ ಗಾಜು ಕೆಳಗಿಳಿಯುವ ಜಾತಿಯದು. ಗಾಜಿಗೆ ಅಂಟಿಕೊಂಡು ಒಂದಿಷ್ಟು ನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿಯುವುದು ಸಹಜವೇ, ಅದಕ್ಕೆಂದೇ ಅಡಿಯಲ್ಲಿ ತೂತುಗಳಿವೆ. ಎಲೆ, ಕೆಸರು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ; ಬಾಗಿಲು ಎಳೆದಾಗ ಕುಲುಕುವ ಸದ್ದೇ ಅದಕ್ಕೆ ಸಾಕ್ಷಿ. ಒಂದು ತಂತಿ ಆಡಿಸಿದರೆ ಮುಗಿಯಿತು. ಸ್ಪೀಕರ್ ಕೂರಿಸುವಾಗ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಅದನ್ನೂ ಅಂಟಿಸಬೇಕು. ಹಿಂದಿನ ಜಾರುಬಾಗಿಲಿನಲ್ಲಿ ಗಾಜು ಅಡ್ಡಕ್ಕೆ ಸರಿಯುತ್ತದೆ. ಅಲ್ಲಿ ಮಣ್ಣು ಕೂರುವುದು ಗಾಜಿನ ಕೆಳಪಟ್ಟಿಯಲ್ಲಿ.

‘ರೋಲರ್ ಸವೆದಿದ್ರೆ ಬೀಡಿಂಗ್ ಹಾಕಿ ಎಂಥ ಮಾಡುವುದು ಮಾರಾಯ?’

ಜಾರುಬಾಗಿಲು ಮೇಲೆ, ನಡುವೆ, ಕೆಳಗೆ ರೋಲರುಗಳ ಮೇಲೆ ನಿಂತಿದೆ. ಅವು ಸವೆದರೆ ಬಾಗಿಲು ಕೂರುತ್ತದೆ; ಕೂತ ಬಾಗಿಲು ಒಂದು ಮೂಲೆಯಲ್ಲಿ ರಬ್ಬರನ್ನು ಜಜ್ಜಿ, ಇನ್ನೊಂದು ಮೂಲೆಯನ್ನು ಮುಟ್ಟುವುದೇ ಇಲ್ಲ. ಅರ್ಧ ತೆಗೆದ ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಸಡಿಲ ಅಲ್ಲೇ ಕೈಗೆ ಗೊತ್ತಾಗುತ್ತದೆ. ರೋಲರ್ ಹೊಸದಾದ ಮೇಲೆ ಬೀಗ ಕಚ್ಚುವ ಕೊಂಡಿಯ ಬೋಲ್ಟ್ ಸಡಿಲಿಸಿ ಅದನ್ನು ತುಸು ಒಳಕ್ಕೆ ಸರಿಸಿದರೆ ಬಾಗಿಲು ಬಿಗಿಯಾಗಿ ಕೂರುತ್ತದೆ. ಇಷ್ಟರಲ್ಲೇ ನೀರು ನಿಂತು, ತಂದಿಟ್ಟ ಬೀಡಿಂಗ್ ಅಂಗಡಿಗೆ ವಾಪಸು ಹೋಗುವುದೂ ಉಂಟು.

‘ಇನ್ನು ಬೀಡಿಂಗ್. ಎಳೆದು ಹಾಕ್ಬೇಡ. ಜೋಡು ಕೆಳಗೆ.’

ಹಳೆಯದನ್ನು ಕಿತ್ತಾಗ ತಗಡಿನ ಅಂಚು ತುಕ್ಕು ಹಿಡಿದು ಗರಗಸದ ಹಲ್ಲಿನಂತಾಗಿರುತ್ತದೆ, ಕಡಲ ಪಕ್ಕದ ಊರಿನ ಗಾಡಿಯಾದರಂತೂ ಕೇಳುವುದೇ ಬೇಡ. ತಂತಿ ಬ್ರಶ್, ಪ್ರೈಮರ್, ಪೇಂಟ್ ಆಗದೆ ಹೊಸ ರಬ್ಬರಿಗೆ ಹಿಡಿತ ಸಿಗದು. ಬೀಡಿಂಗಿನ ಒಂದು ಭಾಗದ ಒಳಗೆ ಲೋಹದ ಪಟ್ಟಿ ಇದ್ದು ಅಂಚನ್ನು ಕಚ್ಚಿಕೊಳ್ಳುತ್ತದೆ. ಇನ್ನೊಂದು ಭಾಗ ಪೊಳ್ಳು ಕೊಳವೆ, ಬಾಗಿಲು ಒತ್ತಿದಾಗ ಅಮರಿ ಸಂದಿ ಮುಚ್ಚುವುದು ಇದೇ. ಕೊಳವೆಯಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ರಂಧ್ರಗಳು ಗಾಳಿ ಹೊರಹೋಗಲಿಕ್ಕೆ. ಹರಿದಿದೆ ಎಂದು ಅವಕ್ಕೆ ಗಮ್ ಹಚ್ಚುವ ಬುದ್ಧಿವಂತರಿದ್ದಾರೆ!

ಮೊದಲು ಮೂಲೆಗಳನ್ನು ಕೂರಿಸಿ ಆಮೇಲೆ ನೇರಭಾಗವನ್ನು ಅಂಗೈಯಿಂದ ಒತ್ತಿಕೊಂಡು ಬರಬೇಕು. ಎಳೆದು ಹಾಕಿದ ರಬ್ಬರು ದಿನ ಕಳೆದಂತೆ ತನ್ನ ಮೂಲ ಉದ್ದಕ್ಕೆ ಮರಳಿ, ಮೂಲೆಯಲ್ಲಿ ಏಳುತ್ತದೆ, ಜೋಡಿನಲ್ಲಿ ಬಾಯಿಬಿಡುತ್ತದೆ. ಕೊನೆಯನ್ನು ಚೂರು ಉದ್ದವೇ ಕತ್ತರಿಸಿ, ಎರಡೂ ತುದಿ ಒಂದಕ್ಕೊಂದು ತಳ್ಳುವಂತೆ ಕೂರಿಸಿ ಫೆವಿಕ್ವಿಕ್ ಹಾಕುವುದು. ಜೋಡು ಮೇಲಿದ್ದರೆ ಹರಿದು ಬರುವ ನೀರಿಗೆ ನಾವೇ ಬಾಗಿಲು ತೆರೆದಿಟ್ಟ ಹಾಗೆ.

‘ಗ್ರೀಸ್ ಹಚ್ಬೇಡ, ಸೀಮೆಣ್ಣೆಯಲ್ಲಿ ಒರೆಸ್ಬೇಡ.’

ಇಂಥ ಬೀಡಿಂಗುಗಳು ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ರಬ್ಬರಿನವು. ಬಿಸಿಲು ಮಳೆ ತಡೆಯುತ್ತವೆ, ಪೆಟ್ರೋಲಿಯಂ ಎಣ್ಣೆ ತಡೆಯವು, ಉಬ್ಬಿ ಮೆತ್ತಗಾಗುತ್ತವೆ. ಸೋಪುನೀರು ಸಾಕು, ಬೇಕಿದ್ದರೆ ಸಿಲಿಕಾನ್ ಸ್ಪ್ರೇ.

‘ಡಿಕ್ಕಿ ಬಾಗಿಲಿನದ್ದೂ ನೋಡು.’

ಅಲ್ಲಿ ಒಳಬರುವುದು ನೀರೊಂದೇ ಅಲ್ಲ. ಓಡುವ ವ್ಯಾನಿನ ಬೆನ್ನಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರಿನ ಹೊಗೆ ಅಲ್ಲೇ ಸುತ್ತುತ್ತದೆ, ಸಂದಿ ಸಿಕ್ಕರೆ ಒಳಗೂ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹಿಂದೆ ಮಕ್ಕಳನ್ನು ಕೂರಿಸುವ ಗಾಡಿಯಾದರೆ ಈ ಕೆಲಸ ಮೊದಲು ಆಗಬೇಕು, ಪಕ್ಕದ ಬಾಗಿಲಿನ ಹನಿ ನಾಲ್ಕು ದಿನ ಕಾಯಬಲ್ಲದು.

‘ಹೊಸತು ಬಿಗಿ ಇರ್ತದೆ ಅಂತ ಗಿರಾಕಿಗೆ ಹೇಳು.’

ಹೇಳದಿದ್ದರೆ ಅವರು ಮರುದಿನವೇ ಬಂದು ಬಾಗಿಲು ಹಾಕಲಾಗುವುದಿಲ್ಲ ಎಂದು ಜಗಳ ತೆಗೆಯುತ್ತಾರೆ. ರಬ್ಬರು ಬಾಗಿಲಿನ ಆಕಾರಕ್ಕೆ ಅಮರಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಒಂದು ಗಾಜು ಸ್ವಲ್ಪ ತೆರೆದಿಟ್ಟು ಬಾಗಿಲು ಎಳೆದರೆ ಒಳಗಿನ ಗಾಳಿಗೆ ದಾರಿಯಾಗಿ ಸಲೀಸಾಗಿ ಕೂರುತ್ತದೆ. ಬಿಲ್ ಕೊಡುವ ಮುಂಚೆ ಮ್ಯಾಟಿನ ಅಡಿಯ ಫೆಲ್ಟನ್ನು ಹೊರಗೆ ತೆಗೆದು ಬಿಸಿಲಿಗೆ ಹಾಕಲು ಹೇಳುವುದನ್ನೂ ಮರೆಯಬಾರದು. ಮೇಲೆ ಒಣಗಿದಂತೆ ಕಂಡರೂ ಅದು ಅಡಿಯಲ್ಲಿ ವಾರಗಟ್ಟಲೆ ನೀರು ಹಿಡಿದಿಟ್ಟು ನೆಲದ ತಗಡನ್ನು ತಿನ್ನುತ್ತಿರುತ್ತದೆ.